ಮಾಲ್‌ನ ಗೇರ್ ಸೈಕಲ್ಲೋ, ಚೌಕದ ಸಾದಾ ಸೈಕಲ್ಲೋ?

ಪ್ರಶ್ನೆ: ಅಣ್ಣಾರ, ನಾವು ತಿಕೋಟಾ ಸಮೀಪ ದ್ರಾಕ್ಷಿ ತೋಟದ ವಸ್ತಿಯಲ್ಲಿ ಇರುತ್ತೇವೆ. ಸಣ್ಣ ಮಗಳು ಈಗ ಒಂಬತ್ತನೇ ತರಗತಿ. ಶಾಲೆ ನಾಲ್ಕೂವರೆ ಕಿಲೋಮೀಟರ್ ದೂರ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ, ಖರೆ. ಆದರೆ ಬಸ್ಸು ವಸ್ತಿಗೆ ಬರುವುದಿಲ್ಲ. ಡಾಂಬರು ರಸ್ತೆಗೆ ಹೋಗಿ ನಿಲ್ಲಲಿಕ್ಕೇ ಎರಡು ಕಿಲೋಮೀಟರ್ ನಡೆಯಬೇಕು. ದೊಡ್ಡ ಮಗಳು ಎಂಟನೇ ತರಗತಿಯಲ್ಲಿದ್ದಾಗ ಸರಕಾರದ ಸೈಕಲ್ ಬಂದಿತ್ತು. ಈಕೆಯ ಪಾಳಿಗೆ ಬರಲಿಲ್ಲ. ಗೃಹಲಕ್ಷ್ಮಿ ಹಣದಲ್ಲಿ ಉಳಿಸಿ ಒಂಬತ್ತು ಸಾವಿರ ಕೂಡಿಹಾಕಿದ್ದೇನೆ.

ವಿಜಯಪುರದ ಮಾಲ್ ಒಂದರಲ್ಲಿ ದಪ್ಪ ಟಾಯರಿನ, ಗೇರ್ ಇರುವ, ಹಿಂದೆ ಮುಂದೆ ಶಾಕ್ ಇರುವ ಸೈಕಲ್ ಇದೆ. ಹದಿನಾರು ಸಾವಿರದ್ದು 8,999ಕ್ಕೆ ಎಂದು ಚೀಟಿ ಹಚ್ಚಿದ್ದಾರೆ. ಮಗಳ ಮನಸ್ಸು ಅದರ ಮೇಲೇ ಇದೆ. ನಮ್ಮ ಮನೆಯವರು ‘ದೊಡ್ಡ ಅಂಗಡಿ, ಗ್ಯಾರಂಟಿ ಇರುತ್ತದೆ’ ಎನ್ನುತ್ತಾರೆ. ಗಾಂಧಿ ಚೌಕದ ಕಡೆಯ ಸೈಕಲ್ ಅಂಗಡಿಯವರು ಸಾದಾ ಲೇಡೀಸ್ ಸೈಕಲ್‌ಗೆ ಕ್ಯಾರಿಯರ್, ಸ್ಟ್ಯಾಂಡ್, ಬುಟ್ಟಿ ಎಲ್ಲ ಸೇರಿಸಿ 6,800 ಹೇಳಿದರು. ಹೋದ ವರ್ಷ ಮೈದುನ ತನ್ನ ಮಗನಿಗೆ ಆನ್‌ಲೈನ್‌ನಲ್ಲಿ 4,700ಕ್ಕೆ ತರಿಸಿದ ಗೇರ್ ಸೈಕಲ್ ಐದೇ ತಿಂಗಳಿಗೆ ಮೂಲೆ ಸೇರಿತು. ಅದನ್ನು ನೋಡಿದಾಗಿನಿಂದ ನನಗೆ ಹೆದರಿಕೆ. ದೊಡ್ಡವಳ ಸೈಕಲ್ ದನದ ಮನೆಯಲ್ಲಿ ತುಕ್ಕು ಹಿಡಿದು ನಿಂತಿದೆ. ಅದನ್ನೇ ಒಯ್ಯಿ ಎಂದರೆ ಸಣ್ಣವಳು ‘ಅಕ್ಕನ ಅಂಗಿ, ಅಕ್ಕನ ಪುಸ್ತಕ, ಈಗ ಸೈಕಲ್ಲೂ ಅಕ್ಕನದೇ?’ ಎಂದು ಅಳುತ್ತಾಳೆ. ನನಗೇನು, ಒಣದ್ರಾಕ್ಷಿ ಶೆಡ್ಡಿಗೆ ನಡೆದೇ ಹೋಗಿ ರೂಢಿ. ಸೈಕಲ್ ಗೊತ್ತಿಲ್ಲದವಳೂ ಅಲ್ಲ, ಬಬಲೇಶ್ವರದ ತವರಿನಲ್ಲಿ ಅಪ್ಪನ ಅಟ್ಲಾಸ್ ಮೇಲೆ ಒಳಪೆಡಲು ಹೊಡೆದು ಕಲಿತವಳು. ಈಗಿನವು ಮಾತ್ರ ತಿಳಿಯುವುದಿಲ್ಲ. ಯಾವುದು ತರಲಿ?

— ಹೆಸರು ಬೇಡ, ತಿಕೋಟಾ ತಾಲ್ಲೂಕು

ಉತ್ತರ: ತಂಗೀ, ಮೊದಲು ಒಂದು ಲೆಕ್ಕ ಮಾಡೋಣ. ಸಾದಾ ಸೈಕಲ್‌ನಲ್ಲಿ ಪೈಡಲ್ ಹತ್ತಿರದ ಚೈನ್ ಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲ್‌ಗೆ 18 ಹಲ್ಲು ಇರುವುದು ರೂಢಿ. ಗಾಲಿ 26 ಇಂಚಿನದಾದರೆ ಪೈಡಲ್ ಒಂದು ಸುತ್ತು ಬರುವಷ್ಟರಲ್ಲಿ ಸೈಕಲ್ ಹತ್ತಿರಹತ್ತಿರ ಐದು ಮೀಟರ್ ಮುಂದೆ ಹೋಗಿರುತ್ತದೆ. ಮಗಳು ಶಾಲೆ ಮುಟ್ಟಲು 900 ಸುತ್ತು ತುಳಿಯಬೇಕು, ಮನೆಗೆ ಬರಲು ಮತ್ತೆ 900. ದಿನಕ್ಕೆ ಒಂಬತ್ತು ಕಿಲೋಮೀಟರ್. ಶಾಲೆಯ ದಿನಗಳನ್ನು 220 ಎಂದು ಹಿಡಿದರೆ ವರ್ಷಕ್ಕೆ ಎರಡು ಸಾವಿರ ಕಿಲೋಮೀಟರ್. ಎಸೆಸೆಲ್ಸಿ ಮುಗಿಯುವಷ್ಟರಲ್ಲಿ ನಾಲ್ಕು ಸಾವಿರ, ಅಂದರೆ ವಿಜಯಪುರದಿಂದ ಬೆಂಗಳೂರಿಗೆ ಸುಮಾರು ನಾಲ್ಕು ಸಲ ಹೋಗಿ ಬಂದಷ್ಟು ದೂರ. ಮಾಲ್‌ಗಳಲ್ಲಿ ಸೈಕಲ್ ನಿಲ್ಲಿಸುವುದು ಬಹುಮಟ್ಟಿಗೆ ಆಟಿಗೆ ಸಾಮಾನಿನ ಬದಿಗೆ. ನೀವು ಕೊಳ್ಳಲು ಹೊರಟಿರುವುದು ಆಟಿಗೆಯಲ್ಲ, ಬೆನ್ನಿಗೆ ಪುಸ್ತಕದ ಚೀಲ ಕಟ್ಟಿಕೊಂಡ ಹುಡುಗಿಯನ್ನು ನಿತ್ಯ ಹೊರುವ ಬಂಡಿ.

ಈಗ ಆ 8,999ರ ಸೈಕಲ್ಲನ್ನು ರೊಟ್ಟಿ ಬಡಿಯುವವರ ಕಣ್ಣಿನಿಂದ ನೋಡಿ. ಮೂರು ರೊಟ್ಟಿಯ ಹಿಟ್ಟಿನಲ್ಲಿ ಎಂಟು ರೊಟ್ಟಿ ಬಡಿ ಎಂದರೆ ಬಡಿಯಬಹುದು. ಹಂಚಿನ ಮೇಲೆ ಹಾಕುವಾಗ ಹರಿಯುತ್ತವೆ. ಅಷ್ಟೇ ದುಡ್ಡಿನಲ್ಲಿ ಆ ಕಂಪನಿಯವರು ಮುಂದೊಂದು ಶಾಕ್, ಹಿಂದೊಂದು ಶಾಕ್, ಎರಡು ಡಿಸ್ಕ್ ಬ್ರೇಕ್, ಗೇರು, ಅಂಗೈ ಅಗಲದ ಟಾಯರು, ಮೇಲೆ ಝಗಝಗಿಸುವ ಬಣ್ಣ ಎಲ್ಲ ಕೊಡಬೇಕು. ಕಣ್ಣಿಗೆ ಕಾಣುವುದನ್ನೆಲ್ಲ ಕೊಟ್ಟಿರುತ್ತಾರೆ. ಹಿಟ್ಟು ಕಡಿಮೆಯಾಗುವುದು ಕಣ್ಣಿಗೆ ಬೀಳದ ಜಾಗದಲ್ಲಿ: ಗಾಲಿಯ ಒಳಗಿನ ಗುಂಡು, ಕೋನು, ಕಡ್ಡಿ, ಪೈಡಲ್‌ನ ಥ್ರೆಡ್ಡು, ಬ್ರೇಕಿನ ತಂತಿ.

ಆ ಶಾಕಿನ ಒಳಗಿರುವುದು ಬರೀ ಒಂದು ಸ್ಪ್ರಿಂಗು. ಬೈಕಿನ ಶಾಕ್‌ನಲ್ಲಿ ಎಣ್ಣೆ ಇರುತ್ತದೆ, ಕುಸಿದದ್ದು ನಿಧಾನ ಮೇಲೇಳುತ್ತದೆ. ಇದು ಕುಣಿಯುತ್ತದೆ. ಹಿಂದಿನ ಶಾಕ್ ಅಂತೂ ತುಳಿದ ಶಕ್ತಿಯ ಒಂದು ಪಾಲನ್ನು ತಾನೇ ನುಂಗುತ್ತದೆ. ಮಗಳು ತುಳಿಯುವ 900 ಸುತ್ತಿನಲ್ಲಿ ಪ್ರತಿ ಸುತ್ತಿಗೂ ಸೀಟು ಒಂದಿಷ್ಟು ಕೆಳಗೆ ಹೋಗಿ ಬರುತ್ತದೆ, ಅದು ಗಾಲಿಗೆ ಹೋಗಬೇಕಾಗಿದ್ದ ಬಲ.

ದಪ್ಪ ಟಾಯರು ಉಸುಕಿಗೆ, ಮಂಜಿಗೆ ಎಂದು ಹುಟ್ಟಿದ್ದು. ನಮ್ಮದು ಎರಿ ಭೂಮಿ. ಎರಿ ಮಣ್ಣಿನ ಗುಣ ನಿಮಗೆ ನಾನು ಹೇಳಬೇಕೇ? ಒಂದು ಮಳೆ ಬಿದ್ದರೆ ಸಾಕು, ಟಾಯರಿಗೆ ಮೆತ್ತಿಕೊಂಡು, ಫೋರ್ಕಿನ ಸಂದಿಯಲ್ಲಿ ತುಂಬಿ, ಗಾಲಿ ತಿರುಗುವುದನ್ನೇ ನಿಲ್ಲಿಸುತ್ತದೆ. ಟಾಯರು ಎಷ್ಟು ಅಗಲವೋ ಮಣ್ಣು ಅಷ್ಟು ಹೆಚ್ಚು. ಕಟ್ಟಿಗೆ ತುಂಡಿನಿಂದ ಕೆದರುತ್ತ ನಿಲ್ಲಬೇಕು, ಇಲ್ಲವೇ ಸೈಕಲ್ಲನ್ನೇ ಹೊತ್ತು ದಾಟಬೇಕು. ಇಪ್ಪತ್ತು ಕಿಲೋ ತೂಗುವುದನ್ನು ಒಂಬತ್ತನೇ ತರಗತಿ ಹುಡುಗಿ ಎತ್ತಲಿಕ್ಕೆ ಆಗುತ್ತದೆಯೇ? ಇನ್ನು ಬಳ್ಳಾರಿ ಜಾಲಿಯ ಮುಳ್ಳು. ಅದು ಸಣ್ಣ ಟಾಯರು, ದಪ್ಪ ಟಾಯರು ಎಂದು ಭೇದ ಮಾಡುವುದಿಲ್ಲ. ಆದರೆ ನಾಲ್ಕು ಇಂಚಿನ ಟಾಯರಿನ ಟ್ಯೂಬು ತಿಕೋಟಾದ ಪಂಕ್ಚರ್ ಅಂಗಡಿಯಲ್ಲಿ ಸಿಗುತ್ತದೆಯೋ ಇಲ್ಲವೋ, ಮೊದಲು ಹೋಗಿ ಕೇಳಿ. ಸಿಗದಿದ್ದರೆ ಒಂದು ಮುಳ್ಳಿಗೆ ಒಂದು ವಾರ ಶಾಲೆಗೆ ನಡಿಗೆ.

ಗೇರ್ ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಆಷಾಢದ ಗಾಳಿ ಎದುರಿಗೆ ಬಂದಾಗ ಒಂದು ಹಗುರ ಗೇರ್ ಇದ್ದರೆ ದೇವರು ಬಂದಂತಾಗುತ್ತದೆ, ಒಪ್ಪುತ್ತೇನೆ. ಸೈಕ್ಲಿಂಗ್ ಪಟುಗಳನ್ನು ದೇಶಕ್ಕೆ ಕೊಟ್ಟ ಜಿಲ್ಲೆ ನಮ್ಮದು, ಕ್ರೀಡಾ ಇಲಾಖೆಯ ಸೈಕ್ಲಿಂಗ್ ವಸತಿ ನಿಲಯ ಇರುವ ಊರು ವಿಜಯಪುರ. ಬೆಳಗಿನ ಜಾವ ಡಾಂಬರು ರಸ್ತೆಯಲ್ಲಿ ಆ ಮಕ್ಕಳು ಸಾಲಾಗಿ ಹೋಗುವುದನ್ನು ಕಂಡ ಯಾವ ಹುಡುಗಿಗೂ ಗೇರ್ ಬೇಕೆನಿಸುತ್ತದೆ. ಆದರೆ ಅವರ ಸೈಕಲ್‌ನ ಗೇರು ಒಂದಕ್ಕೇ ನಿಮ್ಮ ಒಂಬತ್ತು ಸಾವಿರ ಸಾಲದು. ಅಗ್ಗದ ಸೈಕಲ್‌ನ ಗೇರು ತಗಡಿನದು. ಶಾಲೆಯ ಸ್ಟ್ಯಾಂಡಿನಲ್ಲಿ ಒಂದು ಸೈಕಲ್ ಬಿದ್ದರೆ ಸಾಲಿಗೆ ಸಾಲೇ ಬೀಳುತ್ತದೆ ಅಲ್ಲವೇ? ಬಲಮಗ್ಗುಲಿಗೆ ಒಮ್ಮೆ ಬಿದ್ದರೆ ಹಿಂದಿನ ಗೇರು ತೂಗುವ ಕೊಂಡಿ ಒಳಕ್ಕೆ ಬಾಗುತ್ತದೆ. ಅವತ್ತಿನಿಂದ ಚೈನು ಇಳಿಯುವುದು ಶುರು. ಒಂದು ದಿನ ಆ ಗೇರು ಗಾಲಿಯ ಕಡ್ಡಿಗೇ ಸಿಕ್ಕಿಕೊಂಡು ಎರಡೂ ಹೋಗುತ್ತವೆ. ನಿಮ್ಮ ಮೈದುನನ ಮಗನ ಸೈಕಲ್ ಮೂಲೆ ಸೇರಿದ್ದೂ ಹೀಗೆಯೇ ಇರಬೇಕು. ಡಿಸ್ಕ್ ಬ್ರೇಕಿನದೂ ಅದೇ ಕತೆ. ತಟ್ಟೆ ಕೂದಲೆಳೆಯಷ್ಟು ಬಾಗಿದರೂ ‘ಚರ್ ಚರ್’ ಎಂದು ಉಜ್ಜುತ್ತದೆ, ಸರಿಮಾಡುವವರು ಊರಲ್ಲಿಲ್ಲ. ರಿಮ್ಮಿಗೆ ಒತ್ತುವ ರಬ್ಬರ್ ಬ್ರೇಕು ಸವೆದರೆ ಚಹಾದ ದುಡ್ಡಿಗೆ ಹೊಸದು ಬರುತ್ತದೆ.

‘ದೊಡ್ಡ ಅಂಗಡಿ, ಗ್ಯಾರಂಟಿ’ ಎಂಬ ಯಜಮಾನರ ಮಾತಿಗೆ ನನ್ನ ಮನೆಯ ಕತೆಯನ್ನೇ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಅಕ್ಕನ ಮಗನಿಗೆಂದು ದೊಡ್ಡ ಅಂಗಡಿಯೊಂದರಿಂದ (ಹೆಸರು ಬೇಡ) ಇಂಥದೇ ಸೈಕಲ್ ತಂದೆ. ಹುಡುಗ ಎರಡನೇ ದಿನವೇ ತಿರುವಿನಲ್ಲಿ ಬಿದ್ದ. ಅದನ್ನು ಸೈಕಲ್ ರಿಪೇರಿಯ ಸಾಬಣ್ಣನ ಮುಂದೆ ನಿಲ್ಲಿಸಿದಾಗ ಅವರು ಮುಟ್ಟಲೂ ಇಲ್ಲ, ನಿಂತಲ್ಲೇ ನಕ್ಕರು. ‘ಸರ, ಇದರ ಮಾರಿ ಹಿಂದಕ್ಕಾಗೇದ.’ ಮುಂದಿನ ಫೋರ್ಕು ನೆಟ್ಟಗಿರುವುದಿಲ್ಲ, ಕೆಳತುದಿ ಸ್ವಲ್ಪ ಮುಂದಕ್ಕೆ ಚಾಚಿರಬೇಕು. ಜೋಡಿಸಿದ ಪುಣ್ಯಾತ್ಮ ಅದನ್ನು ತಿರುವಿ ಕೂರಿಸಿದ್ದ. ಗಾಲಿ ಪೈಡಲ್ ಕಡೆಗೆ ಸರಿದು, ತಿರುವಿನಲ್ಲಿ ಹುಡುಗನ ಪಾದ ಟಾಯರಿಗೆ ತಾಗುತ್ತಿತ್ತು. ಎಡಗಡೆಯ ಪೈಡಲ್ ಬೇರೆ ಸೊಟ್ಟ. ಎಡ ಪೈಡಲ್‌ನ ಥ್ರೆಡ್ ಉಲ್ಟಾ ಇರುತ್ತದೆ, ಎಡಕ್ಕೆ ತಿರುಗಿಸಿದರೆ ಬಿಗಿಯಾಗುವಂಥದು. ಗೊತ್ತಿಲ್ಲದವನು ಬಲಕ್ಕೆ ತಿರುಗಿಸಿ ಪಾನಾ ಹಾಕಿ ಜಬರದಸ್ತಿ ಮಾಡಿದ್ದ. ಥ್ರೆಡ್ ಹೋಗಿತ್ತು.

ಇದು ನಮ್ಮೂರಿನ ಕಷ್ಟ ಮಾತ್ರ ಅಲ್ಲ. ಅಮೆರಿಕದ ದೊಡ್ಡ ಅಂಗಡಿಗಳಲ್ಲಿ ಸಾಬೂನು, ಬಕೆಟ್ಟಿನ ಜೊತೆಗೆ ಮಾರುವ ಅಗ್ಗದ ಸೈಕಲ್‌ಗಳ ವಿರುದ್ಧ 2022ರಲ್ಲಿ ಅಲ್ಲಿನ ಸೈಕಲ್ ಮೆಕ್ಯಾನಿಕ್‌ಗಳೇ ಸಹಿ ಸಂಗ್ರಹಿಸಿದರು. ರಿಪೇರಿ ಮಾಡಲು ಬರದಂತೆ, ಕೆಡಲೆಂದೇ ಮಾಡಿದಂತಿವೆ ಎಂಬುದು ಅವರ ತಕರಾರು. ಕೆಲವು ಸೈಕಲ್ 90 ಗಂಟೆಯಷ್ಟು ಓಡಿಸಿದರೆ ಮುಗಿಯಿತು ಎಂದು ಅವರಲ್ಲೊಬ್ಬರ ಅಂದಾಜು. ನಿಮ್ಮ ಮಗಳಿಗೆ ದಿನಕ್ಕೆ ಮುಕ್ಕಾಲು ಗಂಟೆ ಎಂದರೆ 120 ಶಾಲಾ ದಿನ. ಜೂನ್‌ನಲ್ಲಿ ತಂದದ್ದು ದೀಪಾವಳಿ ಆಸುಪಾಸಿಗೆ ಕಥೆ ಮುಗಿಸುತ್ತದೆ. ಮೈದುನನ ಐದು ತಿಂಗಳೂ ಅದೇ ಲೆಕ್ಕಕ್ಕೆ ಬಂತು ನೋಡಿ.

ಹಾಗೆಂದು ಅಗ್ಗದ್ದೆಲ್ಲ ಕೆಟ್ಟದ್ದು ಎಂದು ತಿಳಿಯಬೇಡಿ. ನಿಮ್ಮ ಅಪ್ಪನ ಅಟ್ಲಾಸ್ ಕೂಡ ಬಡವರ ಸೈಕಲ್ಲೇ. 1951ರಲ್ಲಿ ಸೋನಿಪತ್‌ನಲ್ಲಿ ಹುಟ್ಟಿದ ಕಂಪನಿ ಅದು. ಅದಕ್ಕೆ ಎರಡು ವರ್ಷ ಮೊದಲು ಮದ್ರಾಸಿನಲ್ಲಿ ಟಿ.ಐ. ಸೈಕಲ್ಸ್ ಶುರುವಾಗಿ ಹರ್ಕ್ಯುಲಿಸ್ ಬಂತು, 1956ರಲ್ಲಿ ಲೂಧಿಯಾನಾದ ಹೀರೋ ಬಂತು. ಈ ಸೈಕಲ್‌ಗಳಲ್ಲಿ ಇದ್ದದ್ದೇ ಕಡಿಮೆ. ಮುಂದಿನ ಗಾಲಿಗೆ 32 ಕಡ್ಡಿ, ಹಿಂದಿನದಕ್ಕೆ 40, ಒಂದು ಚೈನು, ಸರಳಿನ ಬ್ರೇಕು. ಇದ್ದದ್ದು ಮಾತ್ರ ಗಟ್ಟಿ. ಹೀರೋ ಕೋನು ಅಟ್ಲಾಸ್‌ಗೆ ನಡೆಯುತ್ತಿತ್ತು, ಬಬಲೇಶ್ವರದಲ್ಲಿ ಹೋದ ಗುಂಡು ಜಮಖಂಡಿಯಲ್ಲಿ ಸಿಗುತ್ತಿತ್ತು. ಅಟ್ಲಾಸ್ ತನ್ನ ಉಳಿದಿದ್ದ ಸಾಹಿಬಾಬಾದ್ ಕಾರ್ಖಾನೆಯನ್ನು ನಿಲ್ಲಿಸಿದ್ದು 2020ರ ಜೂನ್ 3ರಂದು, ಅದೂ ವಿಶ್ವ ಸೈಕಲ್ ದಿನ. ಆದರೂ ಅದರ ಟಾಯರು, ಚೈನು, ಬ್ರೇಕಿನ ರಬ್ಬರು ಇವತ್ತಿಗೂ ಯಾವ ಸಂತೆಯಲ್ಲಾದರೂ ಸಿಗುತ್ತವೆ. ಸೈಕಲ್ ಕೊಳ್ಳುವಾಗ ನಾನು ಕೇಳುವ ಪ್ರಶ್ನೆ ಇದೊಂದೇ: ನಿಮ್ಮ ವಸ್ತಿಗೆ ಅತಿ ಹತ್ತಿರದ ಸೈಕಲ್ ಅಂಗಡಿಯವನು ತನ್ನ ಪಾನಾದಿಂದ ಇದನ್ನು ಬಿಚ್ಚಿ ಜೋಡಿಸಬಲ್ಲನೇ? ಮಾಲ್‌ನವರ ಗ್ಯಾರಂಟಿ ಚೀಟಿಯನ್ನು ಯಜಮಾನರಿಗೆ ಒಮ್ಮೆ ಪೂರ್ತಿ ಓದಲು ಹೇಳಿ. ಬಹುಮಟ್ಟಿಗೆ ಫ್ರೇಮಿಗೆ ಮಾತ್ರ ಇರುತ್ತದೆ. ಸವೆಯುವ ಸಾಮಾನು ಯಾವುದೂ ಅದರೊಳಗೆ ಬರುವುದಿಲ್ಲ. ಫ್ರೇಮು ಮುರಿಯುವ ಮೊದಲೇ ಉಳಿದದ್ದೆಲ್ಲ ಮುರಿದಿರುತ್ತದೆ.

ಹಾಗಾಗಿ ಚೌಕದ 6,800ರ ಸೈಕಲ್ಲೇ ತನ್ನಿ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ, ಬಿಲ್ಲಿನಲ್ಲಿ ಅದು ಕಾಣಲಿ. ಬಿಲ್ಲು ಬೇಕೇ ಎಂದು ಕೇಳಿದರೆ ಬೇಡ ಎನ್ನಬೇಡಿ.

ಮಗಳನ್ನು ಕರೆದುಕೊಂಡೇ ಹೋಗಿ. ಸೀಟಿನ ಮೇಲೆ ಕುಳಿತಾಗ ಎರಡೂ ಪಾದದ ಮುಂತುದಿ ನೆಲಕ್ಕೆ ತಾಗಬೇಕು. ‘ಮುಂದೆ ಬೆಳೀತಾಳೆ’ ಎಂದು ದೊಡ್ಡ ಅಳತೆ ತರುವುದು ಅಂಗಿಗೆ ಸರಿ, ಸೈಕಲ್‌ಗೆ ಸಲ್ಲ. ಚೈನಿಗೆ ಪೂರ್ತಿ ಮುಚ್ಚುವ ಕವರು, ಹಿಂದಿನ ಗಾಲಿಗೆ ಜಾಲರಿ ಇರಲಿ, ವೇಲು ಸಿಕ್ಕಿ ಬಿದ್ದ ಹುಡುಗಿಯರನ್ನು ಕಂಡಿದ್ದೇನೆ. ಹಿಂದೆ ಮುಂದೆ ರಿಫ್ಲೆಕ್ಟರ್ ಇದೆಯೇ ನೋಡಿ, ಕಬ್ಬಿನ ಟ್ರ್ಯಾಕ್ಟರುಗಳ ಕಾಲದಲ್ಲಿ ಸಂಜೆ ಅದೇ ಜೀವ ಉಳಿಸುವುದು.

ಮತ್ತೆ ಒಂದು ಕೆಲಸ ಮಾಡಿ. ಅಂಗಡಿಯವರಿಗೆ ‘ಗಾಲಿ ಔಟ್ ತೆಗೆದು ಕೊಡ್ರಿ’ ಎಂದು ಹೇಳಿ, ಅಲ್ಲೇ ನಿಂತು ನೋಡಿ. ಅವರು ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸುತ್ತಾರೆ. ಗಾಲಿಯನ್ನು ಬೆರಳಿನಿಂದ ಮೆಲ್ಲಗೆ ದೂಡಿ, ಬ್ರೇಕಿನ ರಬ್ಬರಿಗೂ ರಿಮ್ಮಿಗೂ ನಡುವಿನ ಸಂದಿಯನ್ನೇ ದಿಟ್ಟಿಸುತ್ತಾರೆ. ರಿಮ್ಮು ಎಲ್ಲಿ ಬಲಕ್ಕೆ ಬಂತೋ ಅಲ್ಲಿ ಹೆಬ್ಬೆರಳಿಟ್ಟು ತಡೆದು, ಎಡಗಡೆಯ ಕಡ್ಡಿಯ ನಿಪ್ಪಲ್ಲನ್ನು ಸಣ್ಣ ಚಾವಿಯಿಂದ ಕಾಲು ಸುತ್ತು ಬಿಗಿಯುತ್ತಾರೆ. ಮತ್ತೆ ದೂಡುತ್ತಾರೆ. ಹೊಸ ಸೈಕಲ್‌ಗೂ ಇದು ಬೇಕು; ಎರಡು ವಾರ ಓಡಿದ ಮೇಲೆ ಇನ್ನೊಮ್ಮೆ ಬೇಕು, ಕಡ್ಡಿಗಳು ಆಗಷ್ಟೇ ತಮ್ಮ ಜಾಗಕ್ಕೆ ಕೂತಿರುತ್ತವೆ. ಈ ಹತ್ತು ನಿಮಿಷದ ಕೆಲಸ ಮಾಡಿಕೊಡಲು ಮೈಗಳ್ಳತನ ಮಾಡುವ ಅಂಗಡಿಯಾದರೆ ಪಕ್ಕದ ಅಂಗಡಿಗೆ ನಡೆಯಿರಿ. ಹೊಸ ಸೈಕಲ್‌ನ ಗಾಲಿ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿದರೆ ‘ಟಕ್ ಟಕ್’ ಎನ್ನಬಾರದು. ಎಂದರೆ ಕೋನು ಸಡಿಲ ಇದೆ, ಆ ಸೈಕಲ್ ಗುಂಡು ತಿನ್ನುತ್ತದೆ.

ಮೈದುನನಿಗೂ ಒಂದು ಮಾತು. ಕೊಂಡು ಎರಡು ವರ್ಷ ದಾಟದಿದ್ದರೆ, ಬಿಲ್ಲು ಮೊಬೈಲಿನಲ್ಲಿ ಇದ್ದರೆ, 1915ಕ್ಕೆ ಫೋನ್ ಮಾಡಿ ದೂರು ಬರೆಸಬಹುದು. ಅಲ್ಲಿ ಬಗೆಹರಿಯದಿದ್ದರೆ ವಿಜಯಪುರದ ಜಿಲ್ಲಾ ಗ್ರಾಹಕರ ಆಯೋಗ ಇದೆ. 5 ಲಕ್ಷದವರೆಗಿನ ಸಾಮಾನಿನ ದೂರಿಗೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಸೈಕಲ್ಲನ್ನು ಗುಜರಿಗೆ ಹಾಕುವ ಮೊದಲು ಮುರಿದ ಜಾಗದ ಫೋಟೊ ತೆಗೆದಿಡಲಿ.

ಇನ್ನು ಮಗಳ ಮಾತು. ದುಡ್ಡಿನ ಲೆಕ್ಕವೊಂದನ್ನೇ ನೋಡಿದರೆ ದನದ ಮನೆಯಲ್ಲಿರುವ ಸರಕಾರದ ಸೈಕಲ್ಲನ್ನೇ ರಿಪೇರಿ ಮಾಡಿಸಿ ಕೊಡಿ ಎಂದು ನಾನು ಹೇಳಬೇಕು. 2006-07ರಲ್ಲಿ ಶುರುವಾದ ಆ ಯೋಜನೆ ಕೊರೊನಾ ಬಂದ ಮೇಲೆ ನಿಂತಿತು. ಅಕ್ಕನಿಗೆ ಸಿಕ್ಕಿದ್ದು ತಂಗಿಗೆ ಸಿಗಲಿಲ್ಲ, ಅದು ಆ ಹುಡುಗಿಯ ತಪ್ಪಲ್ಲ. ಅಂಗಿ, ಪುಸ್ತಕ, ಈಗ ಸೈಕಲ್ ಎಂದು ಆಕೆ ಲೆಕ್ಕ ಹಾಕಿದ್ದು ಸರಿಯಾಗಿಯೇ ಇದೆ. ಆಕೆಗೆ ಬೇಕಿರುವುದು ದಪ್ಪ ಟಾಯರಲ್ಲ, ತನಗೆಂದೇ ಬಂದ ಸೈಕಲ್. ಅಂಗಡಿಯಲ್ಲಿ ಬಣ್ಣ ಆಕೆಯೇ ಆರಿಸಲಿ, ಗಂಟೆ ಆಕೆಯೇ ಆರಿಸಲಿ, ವಿಜಯಪುರದಿಂದ ಟೆಂಪೊದಲ್ಲಿ ತಂದರೂ ಊರ ಅಗಸಿಯಿಂದ ವಸ್ತಿಯವರೆಗೆ ಆಕೆಯೇ ತುಳಿದುಕೊಂಡು ಬರಲಿ. ಗೇರ್ ಯಾಕೆ ಬೇಡ ಎಂಬುದನ್ನು ಬೈದು ಹೇಳಬೇಡಿ. ಮೈದುನನ ಮನೆಗೆ ಕರೆದೊಯ್ದು ಮೂಲೆ ಸೇರಿದ ಆ ಸೈಕಲ್ಲನ್ನು ತೋರಿಸಿ, ಒಂಬತ್ತನೇ ತರಗತಿ ಹುಡುಗಿಗೆ ಅಷ್ಟು ತಿಳಿಯುತ್ತದೆ.

ಉಳಿಯುವುದು 2,200. ಅದನ್ನು ಡಬ್ಬಿಗೆ ಹಾಕಬೇಡಿ. ದನದ ಮನೆಯ ಸೈಕಲ್ಲನ್ನು ಹೊರಗೆ ಎಳೆದು ಒರೆಸಿ, ಫ್ರೇಮಿನ ಬೆಸುಗೆಯಲ್ಲಿ ಬಿರುಕು ಇದೆಯೇ ಬಿಸಿಲಿನಲ್ಲಿ ನೋಡಿ. ಬಿರುಕಿದ್ದರೆ ಗುಜರಿಗೆ ಹಾಕಿ, ಬೇರೆ ಯೋಚನೆ ಬೇಡ. ಇಲ್ಲದಿದ್ದರೆ ಎರಡು ಟಾಯರು, ಎರಡು ಟ್ಯೂಬು, ಚೈನು, ಫ್ರೀವೀಲ್, ಬ್ರೇಕಿನ ರಬ್ಬರು ಹೊಸದು ಹಾಕಿಸಿ, ಗಾಲಿ ಬಿಚ್ಚಿಸಿ ಗುಂಡಿಗೆ ಗ್ರೀಸ್ ಹಚ್ಚಿಸಿ. ತಿಕೋಟಾದಲ್ಲೇ ಆಗುವ ಕೆಲಸ, ಕೂಲಿ ಮೊದಲೇ ಮಾತಾಡಿಕೊಳ್ಳಿ. ಆ ಸೈಕಲ್ ನಿಮಗೆ. ಬಸ್ಸಿಗೆ ಎರಡು ಕಿಲೋಮೀಟರ್ ನಡೆಯಬೇಕಾದ ಮಗಳ ಕಷ್ಟ ಬರೆದಿರಿ, ನಿಮ್ಮ ನಡಿಗೆಯನ್ನು ‘ರೂಢಿ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದಿರಿ. ಒಳಪೆಡಲು ಕಲಿತ ಕಾಲು ಸೈಕಲ್ ಮರೆಯುವುದಿಲ್ಲ. ಒಣದ್ರಾಕ್ಷಿ ಶೆಡ್ಡಿಗೆ ಸೋಮವಾರದಿಂದ ಅದರಲ್ಲೇ ಹೋಗಿ. ಮೊದಲ ವಾರ ಸೀಟು ಎರಡು ಇಂಚು ಇಳಿಸಿಕೊಂಡಿರಿ.